ಮನೆಯ ಅಟ್ಟವೂ ಅಪರಿಗ್ರಹವೂ



ಯೋಗಶಾಸ್ತ್ರವು ಯಮಗಳನ್ನು ಐದೆಂದೂ ನಿಯಮಗಳನ್ನು ಐದೆಂದೂ ಎಣಿಸಿರುವುದು ನಿಮಗೆ ವಿದಿತವೇ ಆಗಿದೆ. ಆ ಎಣಿಕೆಯಲ್ಲಿ ಯಮಗಳ ಕಡೆಯದು ಅಪರಿಗ್ರಹ. ನಿಯಮಗಳ ಮೊದಲನೆಯದು ಶೌಚ. ಇವೆರಡೂ ಒಂದರ ಬೆನ್ನಿಗೊಂದು ನಿಂತಿರುವುದನ್ನು ಬಹುಮಂದಿ ಗಮನಿಸುವುದಿಲ್ಲ. ಬೇಡದ್ದನ್ನು ಕೂಡಿಹಾಕದಿರುವುದು ಮೊದಲು, ಶುಚಿಯಾಗಿರುವುದು ಅನಂತರ ಎಂಬ ಕ್ರಮವನ್ನು ಇದರಿಂದ ಗ್ರಹಿಸಿದರೆ ತಪ್ಪಾಗಲಾರದು. ತುಂಬಿ ತುಳುಕುವ ಮನೆಯನ್ನು ಎಷ್ಟು ಸಲ ಗುಡಿಸಿದರೂ ಅದು ಶುಚಿಯಾಗದು. ಪೊರಕೆಗೆ ಎಡೆಯಿಲ್ಲದ ಕಡೆ ಶೌಚಕ್ಕೂ ಎಡೆಯಿಲ್ಲ.

ಯುಗಾದಿಯು ಸಮೀಪಿಸಿತೆಂದರೆ ನಮ್ಮ ನಾಡಿನ ಮನೆಮನೆಯಲ್ಲಿಯೂ ಧೂಳು ಜಾಡಿಸುವ, ಸುಣ್ಣ ಬಳಿಯುವ, ಪಾತ್ರೆ ಪದಾರ್ಥಗಳನ್ನು ಬೆಳಗುವ ಸಂಭ್ರಮವು ತೊಡಗುತ್ತದೆ. ಹಿರಿಯರು ಈ ಕಾರ್ಯಕ್ಕೆ ಚೈತ್ರದ ಬಾಗಿಲನ್ನೇ ಆರಿಸಿಕೊಂಡದ್ದರಲ್ಲಿ ಯುಕ್ತಿಯಿದೆ. ಆಗ ಗಾಳಿಯು ಒಣಗಿರುತ್ತದೆ, ಬಿಸಿಲು ಪ್ರಖರವಾಗಿರುತ್ತದೆ. ಹಾಸಿಗೆ ಹೊದಿಕೆಗಳ ತೇವವೆಲ್ಲ ಒಂದೆರಡು ದಿನಗಳಲ್ಲಿ ಆರಿಹೋಗುತ್ತದೆ. ಮುಂಗಾರು ಇಳಿದ ಮೇಲೆ ಈ ಅನುಕೂಲವು ದೊರೆಯದು.

ಯಲಹಂಕದ ಮಗ್ಗುಲಲ್ಲಿರುವ ಅಟ್ಟೂರಿನಂಥ ಸ್ಥಳವನ್ನೇ ತೆಗೆದುಕೊಳ್ಳೋಣ. ಈ ಊರ ಹೆಸರಿನಲ್ಲಿಯೇ ಅಟ್ಟವೆಂಬ ಸದ್ದು ಕಿವಿಗೆ ಬೀಳುವುದರಿಂದ ಈ ವಿಚಾರಕ್ಕೆ ಇದು ತಕ್ಕ ಸ್ಥಳವೆಂದು ವಿನೋದಕ್ಕಾಗಿ ಹೇಳಬಹುದು. ಬೆಂಗಳೂರು ಸೀಮೆಯು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿಯ ಸೆಖೆಯು ಕರಾವಳಿಯಂತೆ ಬೆವರಿಳಿಸದು. ಆದಕಾರಣ ಇಲ್ಲಿ ತೇವದ ಬಾಧೆಯಿಲ್ಲವೆಂದು ಜನರು ಭಾವಿಸುತ್ತಾರೆ. ಆದರೆ ವರ್ಷಕ್ಕೆ ಸುಮಾರು 970 ಮಿಲಿಮೀಟರು ಮಳೆಯು ಇಲ್ಲಿ ಬೀಳುತ್ತದೆ. ಅದರಲ್ಲಿ ಸೆಪ್ಟೆಂಬರು, ಅಕ್ಟೋಬರು ಮಾಸಗಳ ಪಾಲು ದೊಡ್ಡದು. ಮಳೆಗಾಲದ ಬೆಳಗುಗಳಲ್ಲಿ ಗಾಳಿಯ ಆರ್ದ್ರತೆಯು ನೂರಕ್ಕೆ 80ನ್ನು ಮೀರುತ್ತದೆ. ನೂರಕ್ಕೆ 70ಕ್ಕಿಂತ ಮಿಗಿಲಾದ ತೇವವು ಬಹುದಿನ ನಿಂತ ಎಡೆಯಲ್ಲಿ ಬೂಷ್ಟು ಬೆಳೆಯದೆ ಇರದು. ಬಾಗಿಲು ತೆರೆಯದ ಬೀರುವಿನೊಳಗೆ, ಗೋಡೆಗಂಟಿದ ಪೆಟ್ಟಿಗೆಯ ಹಿಂದೆ, ಹಾಸಿಗೆಗಳನ್ನು ಒತ್ತೊತ್ತಾಗಿ ತುರುಕಿದ ಅಟ್ಟದ ಮೂಲೆಯಲ್ಲಿ ಅದು ಸದ್ದಿಲ್ಲದೆ ತನ್ನ ಸಂಸಾರವನ್ನು ಹೂಡುತ್ತದೆ.

ಇಲ್ಲಿ ಒಂದು ಮಾತನ್ನು ಸಾವಧಾನವಾಗಿ ಮನನಮಾಡಬೇಕು. ಒಣಸೀಮೆಯಲ್ಲಿ ಉಪಯೋಗಿಸದೆ ಇಟ್ಟ ವಸ್ತುವು ಬಹುಕಾಲ ಸುಮ್ಮನೆ ಬಿದ್ದಿರಬಲ್ಲುದು. ತೇವದ ಸೀಮೆಯಲ್ಲಿ ಅದು ಸುಮ್ಮನಿರಲಾರದು. ತಾನೂ ಕೆಡುತ್ತದೆ, ನೆರೆಯದನ್ನೂ ಕೆಡಿಸುತ್ತದೆ, ಕಡೆಗೆ ಅದರ ಗಾಳಿಯನ್ನುಸಿರಾಡುವ ಮಗುವಿನ ಎದೆಯನ್ನೂ ಬಾಧಿಸುತ್ತದೆ. ಉಬ್ಬಸದ ರೋಗಿಗೆ ಬೂಷ್ಟಿನ ಕಣಗಳು ಎಷ್ಟು ಅಹಿತವೆಂಬುದನ್ನು ವೈದ್ಯರು ಬಲ್ಲರು. ಮೂರು ಮಳೆಗಾಲ ಅಟ್ಟದ ಮೇಲೆ ಮಲಗಿದ ಕಂಬಳಿಯು ಮೊದಲನೆಯ ವರ್ಷ ಒಬ್ಬ ಬಡವನ ಬೆನ್ನನ್ನು ಬೆಚ್ಚಗಿಡಬಹುದಾಗಿತ್ತು. ಮೂರನೆಯ ವರ್ಷ ಅದು ಯಾರಿಗೂ ಸಲ್ಲದ ಕಸವಾಯಿತು. ಇಟ್ಟವನೂ ಹೊದೆಯಲಿಲ್ಲ, ಚಳಿಯಲ್ಲಿದ್ದವನೂ ಹೊದೆಯಲಿಲ್ಲ. ಕೊಡಬೇಕಾದ ಕಾಲದಲ್ಲಿ ಕೊಡದ ವಸ್ತುವು ಹೀಗೆ ಇಬ್ಬರಿಗೂ ಎರವಾಗುತ್ತದೆ. ಇದು ಬರಿಯ ನಷ್ಟವಲ್ಲ. ಮತ್ತೊಬ್ಬನಿಗೆ ಸಲ್ಲಬೇಕಾದುದನ್ನು ತಡೆಹಿಡಿದ ದೋಷವು ಇದರಲ್ಲಿ ಸೇರಿದೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ವೃತ್ತಾಂತವನ್ನು ಕೇಳದವರಾರು? ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ತಂದನು. ಲಕ್ಕಮ್ಮನು ಹಿಗ್ಗಲಿಲ್ಲ, ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚಿನದು ಏಕೆಂದು ಕೇಳಿ, ಮಿಕ್ಕುದನ್ನು ಎಲ್ಲಿಂದ ತಂದನೋ ಅಲ್ಲಿಗೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಆಕೆಯ ಗುಡಿಸಲಿನಲ್ಲಿ ಅಟ್ಟವಿದ್ದಿತೋ ಇಲ್ಲವೋ, ಮನದಲ್ಲಂತೂ ಇರಲಿಲ್ಲ. ಅವಳ ವಿವೇಕದ ಮರ್ಮವನ್ನು ನೋಡಿರಿ: ಹೆಚ್ಚಿನದನ್ನು ಅವಳು ಬೀದಿಗೆ ಎಸೆಯಹೇಳಲಿಲ್ಲ, ಅದು ಸಲ್ಲತಕ್ಕ ಸ್ಥಳಕ್ಕೆ ಮುಟ್ಟಿಸಹೇಳಿದಳು. ಮನೆಯನ್ನು ಹಗುರಮಾಡುವ ಕಾರ್ಯದ ಧರ್ಮವೆಲ್ಲವೂ ಈ ಒಂದು ನಡೆಯಲ್ಲಿ ಅಡಗಿದೆ.

ಏಕೆಂದರೆ ಈ ಕಾಲದಲ್ಲಿ ಎರಡು ವಿಧದ ಅತಿರೇಕಗಳು ಕಾಣಬರುತ್ತಿವೆ. ಏನನ್ನೂ ಬಿಡದೆ ಕೂಡಿಹಾಕುವುದು ಒಂದು. ಹಬ್ಬ ಬಂದಿತೆಂದು ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬಿ ಕತ್ತಲಾದ ಮೇಲೆ ಕೆರೆಯ ಏರಿಯ ಮೇಲೋ ಖಾಲಿ ನಿವೇಶನದಲ್ಲೋ ಸುರಿದುಬರುವುದು ಇನ್ನೊಂದು. ಎರಡನೆಯವನು ತಾನು ಮೊದಲನೆಯವನಿಗಿಂತ ಶುಚಿಯೆಂದು ತಿಳಿಯುತ್ತಾನೆ. ವಸ್ತುತಃ ಅವನು ಕಸವನ್ನು ಕಳೆಯಲಿಲ್ಲ. ಅದರ ವಿಳಾಸವನ್ನು ಮಾತ್ರ ಬದಲಾಯಿಸಿದನು.

ಇದಕ್ಕೆ ದೃಷ್ಟಾಂತವು ಸಮೀಪದಲ್ಲಿಯೇ ಇದೆ. ಯಲಹಂಕದ ಆಚೆಗೆ ಮಾವಳ್ಳಿಪುರವೆಂಬ ಗ್ರಾಮವಿದೆ. ಬೆಂಗಳೂರಿನ ಲಕ್ಷಾಂತರ ಮನೆಗಳ ಹೊಸ್ತಿಲನ್ನು ದಾಟಿದ ಕಸವು ಹಲವು ವರ್ಷಗಳ ಕಾಲ ಲಾರಿ ಲಾರಿಗಳಲ್ಲಿ ಬಂದು ಅಲ್ಲಿ ಗುಡ್ಡವಾಗಿ ಬಿದ್ದಿತು. ಕೊಳೆತ ಕಸದಿಂದ ಸೋರಿದ ಕರಿಯ ನೀರು, ದುರ್ಗಂಧ, ನೊಣಗಳ ಹಾವಳಿ ಇವೆಲ್ಲವನ್ನೂ ಸಹಿಸಿದವರು ಆ ಕಸವನ್ನು ಮಾಡದಿದ್ದ ಹಳ್ಳಿಗರು. ಅವರ ಪ್ರತಿಭಟನೆಯ ಫಲವಾಗಿ 2012ರ ಜುಲೈ ತಿಂಗಳಲ್ಲಿ ಅಲ್ಲಿಗೆ ಕಸವು ಬರುವುದು ನಿಂತಿತು. ಆಗ ನಗರದ ಬೀದಿ ಬೀದಿಗಳಲ್ಲಿ ಕಸವು ರಾಶಿಬಿದ್ದುದು ಅನೇಕರ ನೆನಪಿನಲ್ಲಿರಬಹುದು. ಅನಂತರ ಮಂಡೂರಿನ ಸರದಿ. ಅಲ್ಲಿಯೂ ಜನರು ಎದ್ದುನಿಂತು 2014ರಲ್ಲಿ ಅದನ್ನು ನಿಲ್ಲಿಸಿದರು. ನಮ್ಮ ಅಂಗಳವು ಹೊಳೆಯುತ್ತಿದ್ದಾಗ ಮತ್ತೊಬ್ಬರ ಅಂಗಳವು ನಾರುತ್ತಿದ್ದರೆ ಅದನ್ನು ಶೌಚವೆಂದು ಕರೆಯಬಹುದೇ? ಹೊಸ್ತಿಲೊಳಗೆ ಮಾತ್ರ ನಿಂತುಹೋಗುವ ಶುದ್ಧಿಯು ಅರ್ಧಶುದ್ಧಿಯು.

ಕೆರೆ ಕಾಲುವೆಗಳ ವಿಷಯವೂ ಹೀಗೆಯೇ. 2021ರ ನವೆಂಬರಿನಲ್ಲಿಯೂ 2024ರ ಅಕ್ಟೋಬರಿನಲ್ಲಿಯೂ ಯಲಹಂಕದ ಕೇಂದ್ರೀಯ ವಿಹಾರವೆಂಬ ವಸತಿ ಸಮುಚ್ಚಯಕ್ಕೆ ಮಳೆಯ ನೀರು ನುಗ್ಗಿ, ಅಲ್ಲಿಯವರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಇಂಥ ಆಪತ್ತಿಗೆ ಕಾರಣಗಳು ಹಲವಿರುತ್ತವೆ. ಅವೆಲ್ಲವನ್ನೂ ಗೃಹಸ್ಥನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಮಳೆನೀರಿನ ಕಾಲುವೆಗೆ ಹಳೆಯ ಹಾಸಿಗೆಯನ್ನೋ ಪ್ಲಾಸ್ಟಿಕ್ ಚೀಲಗಳ ಗಂಟನ್ನೋ ನೂಕಿದವನು ತನ್ನ ಪಾಲಿನ ಒಂದು ಕಲ್ಲನ್ನು ಆ ನೀರಿನ ದಾರಿಗೆ ಅಡ್ಡವಾಗಿ ಇಟ್ಟಂತೆಯೇ ಸರಿ. ನೀರು ದಾರಿ ಕಾಣದೆ ತಿರುಗಿದಾಗ ಅದು ಯಾರ ಮನೆಯ ಬಾಗಿಲನ್ನು ತಟ್ಟುವುದೋ ಬಲ್ಲವರಿಲ್ಲ.

ಇನ್ನು ಹಿತ್ತಲಿನಲ್ಲಿ ಬಿದ್ದಿರುವ ತೆಂಗಿನ ಚಿಪ್ಪು, ಒಡೆದ ಮಡಕೆ, ಹಳೆಯ ಟೈರು ಇವುಗಳನ್ನು ನಿರುಪದ್ರವಿಗಳೆಂದು ತಿಳಿಯಬಾರದು. ಡೆಂಗಿಜ್ವರವನ್ನು ಹರಡುವ ಸೊಳ್ಳೆಯು ಕೊಳಚೆಯನ್ನು ಬಯಸುವುದಿಲ್ಲ. ಚಿಪ್ಪಿನಲ್ಲಿ ನಿಂತ ತಿಳಿನೀರೇ ಅದಕ್ಕೆ ತೊಟ್ಟಿಲು. ಮೊಟ್ಟೆಯು ಹಾರುವ ಸೊಳ್ಳೆಯಾಗಲು ಸುಮಾರು 8ರಿಂದ 10 ದಿನ ಸಾಕು. ನೀರು ಆರಿದ ಮಾತ್ರಕ್ಕೆ ಆ ಮೊಟ್ಟೆಗಳು ಸಾಯುವುದಿಲ್ಲ. ಪಾತ್ರೆಯ ಒಳಮೈಗೆ ಅಂಟಿಕೊಂಡು ಹಲವು ತಿಂಗಳು ಕಾದಿದ್ದು ಮುಂದಿನ ಮಳೆಗೆ ಒಡೆಯುತ್ತವೆ. ಆದುದರಿಂದ ನೀರನ್ನು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ಪಾತ್ರೆಯ ಒಳಮೈಯನ್ನು ಉಜ್ಜಿ ತೊಳೆಯತಕ್ಕದ್ದು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆಯ ಸಂತಾನಕ್ಕೆ ಎಡೆಗೊಟ್ಟ ಮನೆಯವರಿಗೆ ದಂಡವನ್ನೂ ವಿಧಿಸಿತು. ದಂಡದ ಭಯದಿಂದ ಮಾಡುವ ಕಾರ್ಯವನ್ನು ನೆರೆಯವನ ಮಗುವಿನ ಮೇಲಿನ ಕರುಣೆಯಿಂದ ಮಾಡಿದರೆ ಅದು ಧರ್ಮವಾಗುತ್ತದೆ.

ಹಾಗಾದರೆ ಹಳೆಯದನ್ನೆಲ್ಲ ಹೊರಹಾಕಿಬಿಡೋಣವೇ ಎಂದು ಕೇಳುವವರುಂಟು. ಅವರು ಫ. ಗು. ಹಳಕಟ್ಟಿಯವರನ್ನು ಸ್ಮರಿಸಬೇಕು. 1880ರಲ್ಲಿ ಜನಿಸಿ 1964ರಲ್ಲಿ ಲಿಂಗೈಕ್ಯರಾದ ಆ ಮಹನೀಯರು ವೃತ್ತಿಯಿಂದ ವಕೀಲರು. ಮಠಗಳಲ್ಲಿಯೂ ಮನೆಗಳಲ್ಲಿಯೂ ಉಳಿದಿದ್ದ ತಾಡವೋಲೆಯ ಕಟ್ಟುಗಳನ್ನು ಊರೂರು ತಿರುಗಿ ಅರಸಿ ತಂದು, ಓದಿ, ಪರಿಷ್ಕರಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು; 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಯಾವ ಮನೆಯವರಾದರೂ ಈ ಹಳೆಯ ಗರಿಗಳು ನಮಗೇಕೆಂದು ಒಲೆಗೆ ಹಾಕಿದ್ದರೆ ಎಷ್ಟು ವಚನಗಳು ಬೂದಿಯಾಗುತ್ತಿದ್ದುವು! ಆದರೆ ಇನ್ನೊಂದನ್ನೂ ನೋಡಬೇಕು. ಓಲೆಗರಿಗಳು ಉಳಿದದ್ದು ಬರಿದೆ ಬಿದ್ದಿದ್ದರಿಂದಲ್ಲ. ಕಾಲಕಾಲಕ್ಕೆ ಅವುಗಳನ್ನು ಬಿಚ್ಚಿ, ಒರಸಿ, ಎಣ್ಣೆ ಸವರಿ, ಬಟ್ಟೆಯಲ್ಲಿ ಬಿಗಿದು ಕಟ್ಟುತ್ತಿದ್ದರು. ಹಾಗೆ ಮಾಡದ ಕಡೆ ಗೆದ್ದಲೂ ತೇವವೂ ಅವನ್ನು ಮಣ್ಣುಮಾಡಿದುವು. ಆದಕಾರಣ ಕೂಡಿಹಾಕುವುದು ಬೇರೆ, ಕಾಪಾಡುವುದು ಬೇರೆ. ವರ್ಷಕ್ಕೊಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡುವ ವಸ್ತುವನ್ನು ನಾವು ಕಾಪಾಡುತ್ತಿದ್ದೇವೆ. ಇರುವುದನ್ನೇ ಮರೆತ ವಸ್ತುವನ್ನು ಕೂಡಿಹಾಕಿದ್ದೇವೆ.

ಇದನ್ನು ಆಚರಣೆಗೆ ತರುವ ಬಗೆಯನ್ನು ಸಂಕ್ಷೇಪವಾಗಿ ಹೇಳುವೆನು. ಒಣಗಾಲದ ಒಂದು ದಿನವನ್ನು ಗೊತ್ತುಮಾಡಿಕೊಂಡು ಅಟ್ಟದ ವಸ್ತುಗಳನ್ನೆಲ್ಲ ಬಿಸಿಲಿಗಿಳಿಸಿ ಮೂರು ಪಾಲು ಮಾಡಬೇಕು. ಕಳೆದ ವರ್ಷದಲ್ಲಿ ಉಪಯೋಗಿಸಿದ್ದೂ ಕಾಪಾಡತಕ್ಕದ್ದೂ ಮೊದಲನೆಯ ಪಾಲು. ತನಗೆ ಬೇಡವಾಗಿ ಪರರಿಗೆ ಸಲ್ಲಬಹುದಾದುದು ಎರಡನೆಯ ಪಾಲು. ಇದನ್ನು ಒಗೆದು, ಹೊಲಿದು, ಒಣಗಿಸಿ ಕೊಡಬೇಕು. ಹರಕನ್ನು ಹರಕಾಗಿಯೇ ಕೊಡುವುದು ದಾಸೋಹವಲ್ಲ, ಕಸವನ್ನು ಬಡವನ ಮನೆಗೆ ಸಾಗಿಸಿದಂತೆ. ಯಾರಿಗೂ ಸಲ್ಲದುದು ಮೂರನೆಯ ಪಾಲು. ಅದರಲ್ಲಿ ಕೊಳೆಯುವುದನ್ನು ಗೊಬ್ಬರದ ಗುಂಡಿಗೆ ಹಾಕಿ, ಕಾಗದ, ಗಾಜು, ಲೋಹ, ಪ್ಲಾಸ್ಟಿಕ್ಕುಗಳನ್ನು ತೊಳೆದು ಒಣಗಿಸಿ ಒಣಕಸವಾಗಿ ಬೇರೆ ಕೊಡಬೇಕು. ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಗುರುತುಮಾಡುವುದನ್ನು ಮರೆಯಬಾರದು. ಚೀಲದೊಳಗೆ ಕೈಯಿಡುವ ಪೌರಕಾರ್ಮಿಕರ ಬೆರಳುಗಳೂ ನಮ್ಮ ಬೆರಳುಗಳಂಥವೇ.

ಅನಂತರ ಬರಿದಾದ ಅಟ್ಟವನ್ನು ಒದ್ದೆ ಬಟ್ಟೆಯಿಂದ ಒರಸಬೇಕು. ಒಣ ಪೊರಕೆಯಿಂದ ಬೂಷ್ಟನ್ನು ಗುಡಿಸಿದರೆ ಅದರ ಕಣಗಳು ಮನೆಯೆಲ್ಲ ಹಾರುತ್ತವೆ. ಒರಸುವವರು ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿಕೊಳ್ಳುವುದು ಒಳ್ಳೆಯದು. ಸುಣ್ಣವನ್ನು ಹಿರಿಯರು ಬಿಳುಪಿಗಾಗಿ ಮಾತ್ರ ಬಳಿದವರಲ್ಲ. ಅದರ ಕ್ಷಾರಗುಣದಲ್ಲಿ ಬೂಷ್ಟು ಬೆಳೆಯಲಾರದು, ಗೋಡೆಯ ತೇವವು ಹೊರಕ್ಕೆ ಆರುವುದಕ್ಕೂ ಅದು ಅಡ್ಡಬಾರದು. ಬೀರುಗಳನ್ನು ಹೊರಗೋಡೆಯಿಂದ ಗೇಣು ದೂರವಿಡುವುದು, ಬಿಸಿಲು ಬಂದ ದಿನ ಕಿಟಕಿಗಳನ್ನು ತೆರೆದಿಡುವುದು, ಬಟ್ಟೆಗಳನ್ನು ಪೂರ್ತಿ ಒಣಗದೆ ಮಡಿಸದಿರುವುದು ಇವು ಮಳೆಗಾಲದ ನಿತ್ಯನಿಯಮಗಳು.

ಈ ಕೆಲಸವು ಕೀಳೆಂದು ಭಾವಿಸಿ ಅದನ್ನು ಹೆಂಗಸರ ಮೇಲೆಯೋ ಆಳುಗಳ ಮೇಲೆಯೋ ಹೊರಿಸುವವರು ಶರಣೆ ಸತ್ಯಕ್ಕನನ್ನು ನೆನೆಯಲಿ. ಶಿವಭಕ್ತರ ಅಂಗಳವನ್ನು ಗುಡಿಸುವುದೇ ಆಕೆಯ ಕಾಯಕ. ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ವಸ್ತ್ರ ಬಿದ್ದಿದ್ದರೂ ಕೈಯೆತ್ತಿ ಮುಟ್ಟೆನೆಂಬುದು ಆಕೆಯ ವ್ರತವಾಗಿದ್ದಿತು. ದಿನವೂ ಕಸವನ್ನು ಮುಟ್ಟಿದ ಕೈಯು ಪರರ ಹೊನ್ನನ್ನು ಮುಟ್ಟಲೊಲ್ಲದೆ ಹೋಯಿತು! ಶೌಚವೂ ಅಪರಿಗ್ರಹವೂ ಒಂದೇ ಕೈಯಲ್ಲಿ ನೆಲಸಿದುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನವು ಬೇಕಿಲ್ಲ. ಆ ಕಾಯಕವು ಆಕೆಯನ್ನು ಶರಣರ ಸಾಲಿನಲ್ಲಿ ನಿಲ್ಲಿಸಿತು; ಗೃಹಸ್ಥರೆಲ್ಲರ ಕೈಗೂ ಅದು ಭೂಷಣವೇ.

ನಮಗೆ ದೊರೆತುದೆಲ್ಲವೂ ಪ್ರಸಾದವೆಂಬ ಭಾವವು ದೃಢವಾದರೆ ವಸ್ತುಗಳೊಡನೆ ನಮ್ಮ ನಡೆಯೂ ಬದಲಾಗುತ್ತದೆ. ಪ್ರಸಾದವನ್ನು ಯಾರೂ ಬೇಕಾದುದಕ್ಕಿಂತ ಹೆಚ್ಚಾಗಿ ನೀಡಿಸಿಕೊಳ್ಳಬಾರದು, ನೀಡಿಸಿಕೊಂಡುದನ್ನು ಕೆಡಿಸಬಾರದು, ಮಿಕ್ಕಲಿರುವುದನ್ನು ಮೊದಲೇ ಪಕ್ಕದವನ ಎಡೆಗೆ ಬಿಡಬೇಕು. ಪಂಕ್ತಿಯಲ್ಲಿ ಪಾಲಿಸುವ ಈ ಮರ್ಯಾದೆಯನ್ನು ಅಂಗಡಿಯಲ್ಲಿಯೂ ಅಟ್ಟದ ಮೇಲೆಯೂ ಪಾಲಿಸಿದರೆ ಮನೆಯಲ್ಲಿ ಕೊಳೆಯುವುದಕ್ಕೆ ಏನೂ ಉಳಿಯದು. ಮುಂಗಾರಿಗೆ ಮೊದಲು ಪ್ರತಿಯೊಬ್ಬರೂ ತಮ್ಮ ಅಟ್ಟವನ್ನೊಮ್ಮೆ ಹತ್ತಿ ನೋಡಿರಿ. ಅಲ್ಲಿರುವುದರಲ್ಲಿ ತಮ್ಮದಾವುದು, ಪರರಿಗೆ ಸಲ್ಲಬೇಕಾದುದಾವುದು ಎಂದು ವಿವೇಚಿಸಿ, ಸಲ್ಲಬೇಕಾದುದನ್ನು ಅದು ಇನ್ನೂ ಗಟ್ಟಿಯಾಗಿರುವಾಗಲೇ ಸಲ್ಲಿಸಿರಿ.