ಶವಸೇವೆಯೂ ವೇತನವೂ

ಮೃತರ ಸೇವೆಗೆ ಹಣವನ್ನು ಪಡೆಯುವುದು ಧರ್ಮವೇ? ಅಮೆರಿಕಾ ದೇಶದ ಸಣ್ಣ ಊರುಗಳಲ್ಲಿ ಕುಟುಂಬಗಳು ವಂಶಪಾರಂಪರ್ಯವಾಗಿ ನಡೆಸುವ ಅಂತ್ಯಕ್ರಿಯಾಗೃಹಗಳು ಈ ಪ್ರಶ್ನೆಯನ್ನು ಎಬ್ಬಿಸುತ್ತವೆ.

ಅಲ್ಲಿ ಪೂರ್ವದಲ್ಲಿ ಶವಕ್ಕೆ ಸ್ನಾನ ಮಾಡಿಸಿ ಬಟ್ಟೆಯುಡಿಸುತ್ತಿದ್ದವರು ಮನೆಯವರು, ನೆರೆಯವರು. ಪೆಟ್ಟಿಗೆಯನ್ನು ಮಾತ್ರ ಊರ ಬಡಗಿಯು ಮಾಡಿಕೊಡುತ್ತಿದ್ದನು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ, ದೂರದಲ್ಲಿ ಮಡಿದ ಯೋಧರನ್ನು ಊರಿಗೆ ತರಬೇಕಾದುದರಿಂದ, ಔಷಧದ್ರವಗಳಿಂದ ಶವವನ್ನು ಕೆಡದಂತಿರಿಸುವ ವಿದ್ಯೆಯು ಹರಡಿತು. ಕ್ರಮೇಣ ಎಷ್ಟೋ ಕಡೆ ಬಡಗಿಯೇ ಅಂತ್ಯಕ್ರಿಯೆಯ ವ್ಯವಸ್ಥಾಪಕನಾದನು. ಮಗನು ತಂದೆಯ ವೃತ್ತಿಯನ್ನು ಹಿಡಿದನು. ಕೆಳಗೆ ಶವಸಂರಕ್ಷಣೆಯ ಕೋಣೆ, ಅಂತಿಮದರ್ಶನದ ಕೋಣೆ, ಪ್ರಾರ್ಥನಾಮಂದಿರ. ಮಹಡಿಯ ಮೇಲೆ ಆ ಕುಟುಂಬದ ಸಂಸಾರ. ಇಂತಹ ಮನೆಗಳು ಅನೇಕವಿದ್ದುವು.

ವೇತನವು ದೋಷವಲ್ಲ, ವೈದ್ಯನೂ ಗುರುವೂ ಅದನ್ನು ಪಡೆಯುವರು. ಆದರೆ ಶೋಕಾರ್ತನು ಬೆಲೆಯನ್ನು ಚರ್ಚಿಸಲಾರನು. ಅಗ್ಗದ ಪೆಟ್ಟಿಗೆಯನ್ನು ಕೇಳುವುದೇ ತಂದೆಗೆ ಮಾಡುವ ಅಪಚಾರವೆಂದು ಬಗೆಯುವನು. ಆ ಸಂಕೋಚವನ್ನು ಲಾಭವಾಗಿಸಿಕೊಳ್ಳುವುದೇ ಅಧರ್ಮ. 1963ರಲ್ಲಿ ಜೆಸಿಕಾ ಮಿಟ್‌ಫರ್ಡ್ ಎಂಬ ಲೇಖಕಿಯು ಇದನ್ನು ಖಂಡಿಸಿ ಗ್ರಂಥವನ್ನು ಬರೆದರು. 1984ರಲ್ಲಿ ಜಾರಿಗೆ ಬಂದ ನಿಯಮವು ಒಂದೊಂದು ಸೇವೆಯ ದರವನ್ನೂ ಪಟ್ಟಿಮಾಡಿ ಕೊಡಬೇಕೆಂದು ವಿಧಿಸಿತು.

ಸಣ್ಣ ಊರಿನಲ್ಲಿ ಇನ್ನೊಂದು ಕಟ್ಟುಂಟು. ಇಂದು ಹಣ ಪಡೆದವನು ನಾಳೆ ಅದೇ ವಿಧವೆಯನ್ನು ಬೀದಿಯಲ್ಲಿ ಎದುರುಗೊಳ್ಳಬೇಕು. ಈ ಲಜ್ಜೆಯು ಕಾನೂನಿಗಿಂತ ಹಳೆಯದು. ಆದರೆ ಎಲ್ಲರಲ್ಲಿಯೂ ಇರುವುದೆಂದು ನಂಬುವಂತಿಲ್ಲ. ಮೃತನು ಲೆಕ್ಕ ಕೇಳಲಾರನು. ಆದುದರಿಂದಲೇ ಅವನ ಸೇವಕನು ತನ್ನ ಅಂತರಾತ್ಮಕ್ಕೆ ಲೆಕ್ಕವನ್ನು ಒಪ್ಪಿಸಬೇಕು.