ಹದಿನಾರರ ಗ್ರಿಡ್‌ನಲ್ಲಿ ತಕಿಟ

ರಿದಂ ಪ್ರೋಗ್ರಾಮಿಂಗ್‌ಗೆ ಕೈ ಹಾಕಿದವರಿಗೆ ಬೇಗ ಒಗ್ಗುವುದು ಕ್ವಾಂಟೈಸ್. ಕೀಬೋರ್ಡಿನಲ್ಲಿ ಬಾರಿಸಿದ ಮಿಡಿ ಪೆಟ್ಟುಗಳು ಹಿಂದುಮುಂದಾಗಿದ್ದರೆ, ಎಲ್ಲವನ್ನೂ ಆಯ್ದು ಒಂದು ಗುಂಡಿ ಒತ್ತಿದರಾಯಿತು, ಒಂದೊಂದೂ ಹತ್ತಿರದ ಗೆರೆಗೆ ಹೋಗಿ ಕೂರುತ್ತದೆ. ಆ ಗೆರೆಗಳು ಎಲ್ಲಿರಬೇಕೆಂದು ಹೇಳುವುದು ಗ್ರಿಡ್. ಅದನ್ನು ಮಾತ್ರ 1/16ರಲ್ಲೇ ಬಿಟ್ಟು ಇಡೀ ಹಾಡು ಮುಗಿಸುವವರು ಬಹಳ.

ಬೀಟನ್ನು ಮೂರಾಗಿ ಒಡೆಯುವ ತಿಸ್ರ ನಡೆಯಲ್ಲಿ ಏನಾಗುತ್ತದೆ ನೋಡಿ. ಬೀಟಿಗೆ 960 ಟಿಕ್ ಎಂಬ ಲೆಕ್ಕ ಅನೇಕ ಸಾಫ್ಟ್‌ವೇರ್‌ಗಳಲ್ಲಿದೆ. ಹಾಗಾದರೆ ತಕಿಟದ ಮೂರು ಪೆಟ್ಟು ಬೀಳಬೇಕಾದ್ದು 0, 320, 640ರಲ್ಲಿ. 1/16 ಗ್ರಿಡ್‌ನ ಗೆರೆಗಳಿರುವುದು 0, 240, 480, 720ರಲ್ಲಿ. ಗುಂಡಿ ಒತ್ತಿದೊಡನೆ ‘ಕಿ’ 240ಕ್ಕೆ ಹಿಂದೆ ಸರಿಯುತ್ತದೆ, ‘ಟ’ 720ಕ್ಕೆ ಮುಂದೆ ಹೋಗುತ್ತದೆ. ಸಮನಾಗಿದ್ದ ಮೂರು ಅಕ್ಷರ ಗಿಡ್ಡ, ಉದ್ದ, ಗಿಡ್ಡ ಆಗಿಬಿಟ್ಟವು. ಪರದೆಯ ಮೇಲೆ ಎಲ್ಲವೂ ನೆಟ್ಟಗಿದೆ, ಹಾಡಿನಲ್ಲಿ ತಿಸ್ರವೇ ಹೋಯಿತು! ಗ್ರಿಡ್ಡನ್ನು ಮೊದಲೇ 1/8 ಟ್ರಿಪ್ಲೆಟ್‌ಗೆ ಬದಲಿಸಿದ್ದರೆ ಅವೇ ಪೆಟ್ಟುಗಳು ತಮ್ಮ ಜಾಗದಲ್ಲಿ ಕೂರುತ್ತಿದ್ದವು. ಖಂಡ ನಡೆಗೆ ಬೀಟನ್ನು ಐದಾಗಿ ಒಡೆಯುವ ಗ್ರಿಡ್ ಬೇಕು. ಅದು ಎಲ್ಲ ಮೆನುವಿನಲ್ಲೂ ಸಿದ್ಧವಾಗಿ ಸಿಗುವುದಿಲ್ಲ. ಇಲ್ಲದಿದ್ದಾಗ 192 ಟಿಕ್‌ಗೆ ಒಂದರಂತೆ ಕೈಯಾರೆ ಇಡಬೇಕಾಗುತ್ತದೆ. ಆದ್ದರಿಂದ ಕೈಯಲ್ಲಿ ತಾಳ ಹಾಕಿ, ನಡೆ ಯಾವುದೆಂದು ಖಚಿತ ಮಾಡಿಕೊಂಡೇ ಮೌಸ್ ಮುಟ್ಟಬೇಕು ಎಂದು ನಾನು ಹೊಸಬರಿಗೆ ಹೇಳುತ್ತಲೇ ಇರುತ್ತೇನೆ.

ಗೆರೆಗಳೆಲ್ಲ ಸಮ ಅಂತರದಲ್ಲೇ ಇರಬೇಕೆಂಬ ನಿಯಮವೂ ಇಲ್ಲ. ಅಮೆರಿಕದ ರೋಜರ್ ಲಿನ್ 1980ರ ತಮ್ಮ ಎಲ್‌ಎಂ-1 ಡ್ರಮ್ ಯಂತ್ರದಲ್ಲಿ ಕ್ವಾಂಟೈಸ್ ಜೊತೆಗೇ ಸ್ವಿಂಗನ್ನೂ ಕೊಟ್ಟರು. ಜೋಡಿ ಪೆಟ್ಟಿನಲ್ಲಿ ಎರಡನೆಯದನ್ನು ಅದು ತುಸು ತಡಮಾಡುತ್ತದೆ. ಮುಂದೆ ಅವರೇ ಅಕಾಯ್ ಕಂಪನಿಗಾಗಿ ರೂಪಿಸಿದ ಎಂಪಿಸಿ ಯಂತ್ರಗಳ ಲೆಕ್ಕದಲ್ಲಿ ಶೇ. 50 ಎಂದರೆ ಪೂರ್ತಿ ಸಮ, ಶೇ. 66ರ ಹತ್ತಿರ ಟ್ರಿಪ್ಲೆಟ್. ನನಗೆ ಇಷ್ಟವಾಗುವುದು ಇವೆರಡರ ನಡುವಿನ ಜಾಗ. ಹೈ-ಹ್ಯಾಟ್‌ಗೆ ಮಾತ್ರ 54ರಿಂದ 58ರಷ್ಟು ಸ್ವಿಂಗ್ ಕೊಟ್ಟು ಕೇಳಿ, ತಲೆ ತಾನಾಗಿ ಆಡುತ್ತದೆ.

ಇನ್ನು ಫ್ಲಾಮ್. ಸ್ನೇರ್‌ನ ಮುಖ್ಯ ಪೆಟ್ಟಿಗೆ ಒಂದಿಷ್ಟು ಮುಂಚೆ ಇನ್ನೊಂದು ಕಡ್ಡಿಯ ಸಣ್ಣ ಪೆಟ್ಟು ಬೀಳುತ್ತದಲ್ಲ, ಅದು. ಇವೆರಡರ ನಡುವೆ ಇರುವುದು ಕೆಲವೇ ಮಿಲಿಸೆಕೆಂಡ್. ನಿಮಿಷಕ್ಕೆ 100 ಬೀಟಿನ ಹಾಡಿನಲ್ಲಿ 1/16ರ ಎರಡು ಗೆರೆಗಳ ನಡುವೆ 150 ಮಿಲಿಸೆಕೆಂಡ್ ಇರುತ್ತದೆ. ಕ್ವಾಂಟೈಸ್ ಮಾಡಿದರೆ ಎರಡೂ ಒಂದೇ ಗೆರೆಗೆ ಬಂದು ಬೀಳುತ್ತವೆ, ಫ್ಲಾಮ್ ಅಲ್ಲಿಗೆ ಮುಗಿಯಿತು. ಆ ಎರಡೂ ಪೆಟ್ಟುಗಳನ್ನು ಆಯ್ಕೆಯಿಂದ ಹೊರಗಿಡಿ. ಉಳಿದವಕ್ಕೂ ಪೂರ್ತಿ ಶೇ. 100 ಬೇಕಿಲ್ಲ, ಸ್ಟ್ರೆಂಗ್ತ್ ಶೇ. 60ಕ್ಕೆ ಇಳಿಸಿದರೆ ಪೆಟ್ಟುಗಳು ಗೆರೆಯ ಕಡೆಗೆ ಅಷ್ಟೇ ದೂರ ಸರಿಯುತ್ತವೆ, ಬಾರಿಸಿದವರ ಎಳೆತ ಉಳಿಯುತ್ತದೆ. ಕಿಕ್ ಒಂದನ್ನು ಬೇಕಾದರೆ ಬಿಗಿಯಾಗಿಯೇ ಕೂರಿಸಿ, ಬಾಸ್ ಗಿಟಾರ್ ಅದರ ಮೇಲೆ ನಿಲ್ಲಬೇಕು.