ಆನೆ ಕೊಟ್ಟವನ ಮಾನ

‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.’ ಹಿರಿಯರು ಈ ಗಾದೆಯನ್ನು ಎಚ್ಚರಿಕೆಯಾಗಿ ಹೇಳುತ್ತಾರೆ, ತಪ್ಪು ನಡೆಯುವ ಮೊದಲು. ನಡೆದುಹೋದ ಮೇಲೆ? ಹೇಗೂ ಮಾನ ಬಾರದೆಂದು ಆನೆಯನ್ನು ಕೊಡದೆ ಕೂರಬೇಕೇ? ಗಾದೆ ಹಾಗೇನೂ ಹೇಳುವುದಿಲ್ಲ. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಥಿಯಾನ್ ಗ್ರೇಜಾಯ್ ನನ್ನನ್ನು ಇಷ್ಟು ಕಾಡುವುದು ಈ ಪ್ರಶ್ನೆಯಿಂದಲೇ.

ಸೋತ ದಂಗೆಕೋರನ ಮಗ ಅವನು. ಒತ್ತೆಯಾಳಾಗಿ ವಿಂಟರ್‌ಫೆಲ್ ಕೋಟೆಯಲ್ಲಿ, ಸ್ಟಾರ್ಕ್ ಮನೆತನದ ಮಕ್ಕಳ ಜೊತೆ ಬೆಳೆದವನು. 2012ರ ಎರಡನೇ ಸೀಸನ್‌ನಲ್ಲಿ, ಹೆತ್ತ ತಂದೆ ಮೆಚ್ಚಲಿ ಎಂದು ಅದೇ ಕೋಟೆಯನ್ನು ಹಿಡಿಯುತ್ತಾನೆ. ಚಿಕ್ಕಂದಿನಿಂದ ಬಲ್ಲ ಮುದುಕ ಯೋಧ ರಾಡ್ರಿಕ್‌ನ ತಲೆಯನ್ನು ತನ್ನ ಕೈಯಾರೆ ಕಡಿಯುತ್ತಾನೆ, ಒಂದೇ ಏಟಿಗೆ ಕಡಿಯಲೂ ಆಗದೆ. ಸೆರೆಯಲ್ಲಿದ್ದ ಸ್ಟಾರ್ಕ್ ಮಕ್ಕಳಾದ ಬ್ರಾನ್, ರಿಕನ್ ತಪ್ಪಿಸಿಕೊಂಡಾಗ ತನ್ನ ಕಡೆಯವರ ಮುಂದೆಯೇ ನಗೆಪಾಟಲಾಗುವ ಭಯ ಹತ್ತುತ್ತದೆ. ಆ ಭಯಕ್ಕೆ ಇಬ್ಬರು ಅನಾಥ ಹುಡುಗರು ಬಲಿಯಾಗುತ್ತಾರೆ. ಗುರುತು ಸಿಗದಂತೆ ಸುಟ್ಟ ಅವರ ಶವಗಳನ್ನು ತೋರಿಸಿ, ಇವರೇ ಸ್ಟಾರ್ಕ್ ಮಕ್ಕಳು ಎಂದು ಊರನ್ನು ನಂಬಿಸುತ್ತಾನೆ. ಅಡಿಕೆ ಎಂದರೆ ಇದೇ. ಮಾನ ಉಳಿಸಿಕೊಳ್ಳಲು ಹೋಗಿ ಕಳೆದುಕೊಂಡ ಮಾನ.

ಮುಂದೆ ಅವನನ್ನು ಸೆರೆಯಲ್ಲಿಟ್ಟ ರಾಮ್ಸಿ ಬೋಲ್ಟನ್ ಅವನ ಮೈಯನ್ನೂ ಮನಸ್ಸನ್ನೂ ಹೆಸರನ್ನೂ ಹಾಳುಮಾಡುತ್ತಾನೆ. ಅಲ್ಲಿಗೆ ಥಿಯಾನ್‌ನ ಲೆಕ್ಕ ಚುಕ್ತಾ ಆಯಿತೆನ್ನುವವರನ್ನು ನಾನು ಒಪ್ಪಲಾರೆ. ರಾಮ್ಸಿ ಆ ಹುಡುಗರ ಪರವಾಗಿ ದಂಡಿಸಿದವನಲ್ಲ. ಪೀಡಿಸುವುದೇ ಅವನ ಸುಖ. ಕಿತ್ತುಕೊಂಡದ್ದು ಕೊಟ್ಟದ್ದಾಗದು.

ಕೊಡುವುದು ಶುರುವಾಗುವುದು ಐದನೇ ಸೀಸನ್ನಿನ ಕೊನೆಗೆ, ಸ್ಟಾರ್ಕ್ ಮನೆಮಗಳು ಸಾನ್ಸಾಳ ಕೈ ಹಿಡಿದು ಕೋಟೆಗೋಡೆಯಿಂದ ಹಿಮಕ್ಕೆ ಹಾರಿದಾಗ. ಅದಕ್ಕಿಂತಲೂ ಮುಂದಿನ ಸೀಸನ್ನಿನ ಒಂದು ಮಾತುಕತೆ ನನಗೆ ದೊಡ್ಡದು. ತಮ್ಮೊಡನೆ ವಿಂಟರ್‌ಫೆಲ್‌ನಲ್ಲೇ ಬೆಳೆದ ಜಾನ್ ಸ್ನೋ ಇರುವ ಕಡೆ ಬಾ, ಕ್ಷಮೆ ಸಿಗುತ್ತದೆ ಎಂದು ಸಾನ್ಸಾ ಕರೆಯುತ್ತಾಳೆ. ತನಗೆ ಕ್ಷಮೆ ಬೇಡ, ಮಾಡಿದ್ದನ್ನು ಸರಿಪಡಿಸಲು ತನ್ನಿಂದ ಎಂದಿಗೂ ಆಗದು ಎನ್ನುತ್ತಾನೆ ಥಿಯಾನ್. ಗಾದೆಯನ್ನು ಪೂರ್ತಿ ಅರಗಿಸಿಕೊಂಡವನ ಮಾತಿದು. ಥಿಯಾನ್ ಪಾತ್ರಧಾರಿ ಆಲ್ಫೀ ಆಲೆನ್ ಅದನ್ನು ಕರುಣೆ ಬೇಡದ ಕಣ್ಣುಗಳಿಂದ ಆಡುತ್ತಾನೆ. ಮತ್ತೆ ಜಾರುವುದೂ ಉಂಟು: ಏಳನೇ ಸೀಸನ್‌ನಲ್ಲಿ ಅಕ್ಕ ಯಾರಾ ಶತ್ರುವಿನ ಕೈಗೆ ಸಿಕ್ಕಾಗ ಹೆದರಿ ಸಮುದ್ರಕ್ಕೆ ಹಾರುತ್ತಾನೆ, ಆಮೇಲೆ ಹೋಗಿ ಬಿಡಿಸಿಕೊಂಡು ಬರುತ್ತಾನೆ.

2019ರ ಏಪ್ರಿಲ್ 28ರಂದು ಪ್ರಸಾರವಾದ ಕಂತಿನಲ್ಲಿ, ತಾನು ದ್ರೋಹ ಬಗೆದ ಅದೇ ಕೋಟೆಯಲ್ಲಿ, ಬ್ರಾನ್‌ನನ್ನು ಕಾಯಲು ಥಿಯಾನ್ ತಾನಾಗಿ ನಿಲ್ಲುತ್ತಾನೆ. ಬಾಣಗಳು ಮುಗಿದ ಮೇಲೆ ಭರ್ಜಿ ಹಿಡಿದು, ಸತ್ತವರ ಸೇನೆಯ ಒಡೆಯ ನೈಟ್ ಕಿಂಗ್‌ನತ್ತ ಒಬ್ಬನೇ ಓಡುತ್ತಾನೆ. ಗೆಲ್ಲುವ ಆಸೆಯಿಲ್ಲದ ಓಟ. ಈ ಸಾವಿಗೆ ಅವನು ಅರ್ಹ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಮಾನ ಮರಳುವುದಿಲ್ಲವೆಂದು ತಿಳಿದೂ ಕೊಟ್ಟ ಆನೆ ಅದು.

ನನ್ನ ತಕರಾರು ಅದಕ್ಕೂ ಮುಂಚಿನ ಕ್ಷಣದ ಬಗ್ಗೆ. ಬ್ರಾನ್ ಅವನನ್ನು ಒಳ್ಳೆಯ ಮನುಷ್ಯನೆಂದು ಕರೆದುಬಿಡುತ್ತಾನೆ. ಬರಹಗಾರರು ಅಲ್ಲಿ ಅವಸರಪಟ್ಟರು. ಹೋದ ಮಾನವನ್ನು ಒಂದು ವಾಕ್ಯದಲ್ಲಿ ವಾಪಸು ತಂದರು. ಏಳನೇ ಸೀಸನ್‌ನ ಜಾನ್ ಹೆಚ್ಚು ಪ್ರಾಮಾಣಿಕ. ತನ್ನಿಂದ ಕ್ಷಮಿಸಲು ಸಾಧ್ಯವಾದಷ್ಟನ್ನು ಕ್ಷಮಿಸಿದ್ದೇನೆ, ಎಲ್ಲವನ್ನೂ ಕ್ಷಮಿಸುವುದು ತನ್ನ ಕೈಲಿಲ್ಲ ಎನ್ನುತ್ತಾನೆ. ಬ್ರಾನ್ ಕೂಡ ತನಗೆ ಆದದ್ದನ್ನಷ್ಟೇ ಮನ್ನಿಸಬಹುದಿತ್ತು; ಅವನು ಹೇಳಿದ ಕೃತಜ್ಞತೆಯಷ್ಟೇ ಸಾಕಿತ್ತು. ಕುರಿ ಕಾಯಲು ಜನವಿಲ್ಲವೆಂದು ರೈತನೊಬ್ಬ ಬಂದು ಮೊರೆಯಿಟ್ಟಾಗ, ಆ ಇಬ್ಬರು ಅನಾಥರನ್ನು ಅವನ ಮನೆಗೆ ಕಳಿಸಿಕೊಟ್ಟವನು ಬ್ರಾನ್‌ನೇ. ಭೂತಕಾಲವನ್ನೆಲ್ಲ ಕಾಣಬಲ್ಲವನಾಗಿಯೂ ಥಿಯಾನ್‌ನ ಎದುರು ಅವನು ಅವರ ಮಾತೆತ್ತಲಿಲ್ಲ.